ನಾಲ್ಕನೆಯ ತೋಟಾ

ರಾಯ್ಸ್ ಟೀಗ್ ಸತ್ತದ್ದು ನಾನು ತಿದ್ದಿಕೊಟ್ಟ ಬಂದೂಕಿನಿಂದ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಸುಲಭ.

ಫೆಬ್ರವರಿಯ ಮೊದಲ ಸೋಮವಾರ. ಬಾತುಕೋಳಿ ಬೇಟೆಯ ಕಾಲ ಮುಗಿದಿತ್ತು. ಅರ್ಕನ್ಸಾ ರಾಜ್ಯದ ನಮ್ಮ ಬಯಲಿನಲ್ಲಿ ಭತ್ತದ ಗದ್ದೆಗಳಲ್ಲಿ ಬಾತುಕೋಳಿಗೆಂದು ನಿಲ್ಲಿಸಿದ್ದ ನೀರನ್ನು ಒಬ್ಬೊಬ್ಬರಾಗಿ ಬಿಡತೊಡಗಿದ್ದರು. ನನ್ನ ಬಂದೂಕು ರಿಪೇರಿ ಅಂಗಡಿಯ ಹೀಟರಿನ ಪಕ್ಕ ಐನೆಜ್ ಬ್ಲೆಡ್ಸೋ ಎಂದಿನಂತೆ ಮಂಡಿಗೆ ಶಾಖ ಕೊಟ್ಟುಕೊಳ್ಳುತ್ತ ನನ್ನ ಕಾಫಿಯನ್ನು ಬೈಯುತ್ತ ಕೂತಿದ್ದಳು. ಮೂವತ್ತು ವರ್ಷ ಈ ಜಿಲ್ಲೆಯಲ್ಲಿ ಬೇಟೆಯ ಕಾನೂನು ಕಾಯುವ ವಾರ್ಡನ್ ಆಗಿದ್ದವಳು ಅವಳು. ನಿವೃತ್ತಿಯಾದ ಮೇಲೆ ಊರಿನ ಗಂಟುಗಳನ್ನು ಬಿಡಿಸುವ ಕೆಲಸ ಕೇಳದೆಯೇ ಅವಳ ತಲೆಗೆ ಬಂದಿತ್ತು. ಕಣ್ಣಿನ ಪೊರೆಯಿಂದಾಗಿ ಅವಳಿಗೆ ಕಾರು ಓಡಿಸಲು ಆಗುತ್ತಿರಲಿಲ್ಲ. ಓಡಿಸುವ ಕೆಲಸ ನನ್ನದು.

ಬಾಗಿಲು ತೆರೆದು ಒಳಬಂದವನು ಕೆಂಡಲ್, ಸತ್ತ ರಾಯ್ಸ್‌ನ ಮಗ. ಕ್ಷೌರ ಮಾಡಿರಲಿಲ್ಲ.

"ಮಿಸ್ ಐನೆಜ್, ನೀವೇ ಏನಾದ್ರೂ ಮಾಡ್ಬೇಕು. ಗುರುವಾರ ಲವೇಡಾ ದೊಡ್ಡಮ್ಮನ್ನ ಜಡ್ಜ್ ಮುಂದೆ ನಿಲ್ಲಿಸ್ತಾರಂತೆ. ಕೊಲೆ ಕೇಸು."

"ಸತ್ತಿರೋದು ನಿಮ್ಮಪ್ಪ ಕಣೋ."

"ಗೊತ್ತು. ಅಪ್ಪ ಹೋದ. ಈಗ ಇವ್ರನ್ನೂ ಕಳ್ಕೋಬೇಕಾ?"

ಐನೆಜ್ ಕಾಫಿ ಲೋಟವನ್ನು ಕೆಳಗಿಟ್ಟಳು. "ಆರ್ವಿಲ್, ಗಾಡಿ ತೆಗಿ," ಎಂದಳು. ಮಂಡಿ ಹಿಡಿದು ಏಳುವಾಗ ಅವಳ ಬಾಯಿಂದ ಬಂದ ಶಬ್ದ ನಿಟ್ಟುಸಿರೋ ಬೈಗುಳವೋ ತಿಳಿಯಲಿಲ್ಲ.

ದಾರಿಯಲ್ಲಿ ನನ್ನ ಪಾಲಿನ ಕತೆಯನ್ನು ಅವಳಿಗೆ ಹೇಳಿದೆ. ಮುಂದಿನ ಹಿಡಿಯನ್ನು ಎಳೆದು ತಳ್ಳಿ ತೋಟಾ ಏರಿಸುವ ಆ ಪಂಪ್ ಬಂದೂಕು ಟೀಗ್ ಸೋದರರ ತಂದೆಯದು. ರಾಯ್ಸ್‌ನ ಅಣ್ಣ ಥರ್ಮನ್‌ಗೆ ಬಂತು, ಅವನು ತೀರಿಕೊಂಡ ಮೇಲೆ ಹೆಂಡತಿ ಲವೇಡಾಗೆ. ಹೋದ ಶರತ್ಕಾಲದಲ್ಲಿ ಅವಳ ರಸ್ತೆಯಲ್ಲೇ ಎರಡು ಮನೆಗಳಿಗೆ ಕಳ್ಳರು ನುಗ್ಗಿದ್ದರು. ಒಂಟಿ ಹೆಂಗಸು ಮನೆಯ ಕಾವಲಿಗೆ ಬಂದೂಕನ್ನು ತಿದ್ದಿಕೊಡು ಎಂದು ಕೇಳಿದಳು. ಬಾತುಕೋಳಿ ಹೊಡೆಯಲು ಮಾಡಿದ ಮೂವತ್ತು ಇಂಚಿನ ನಳಿಗೆ ಅಡುಗೆಮನೆಯ ಮೂಲೆಯಲ್ಲಿ ತಿರುಗುವುದಿಲ್ಲ. ಕಾನೂನು ಬಿಡುವ ಹದಿನೆಂಟಕ್ಕಿಂತ ಅರ್ಧ ಇಂಚು ಹೆಚ್ಚು ಉಳಿಸಿ ಕತ್ತರಿಸಿದೆ. ಅವಳ ಗಿಡ್ಡ ಕೈಗೆ ಹೊಂದುವಂತೆ ಹಿಂದಿನ ಮರದ ಹಿಡಿಯನ್ನು ಕೊಯ್ದು ರಬ್ಬರ್ ಕೂರಿಸಿದೆ. ಒಳಗೂ ಒಂದಷ್ಟು ತೆಗೆದೆ. ನಳಿಗೆಯ ಕೆಳಗಿನ ಕೊಳವೆಗೆ ನಾಲ್ಕು ತೋಟಾ ತುಂಬುವುದನ್ನು, ತೋಟಾ ಸಿಡಿಯುವ ಜಾಗವಾದ ಗುಂಡಿನ ಮನೆಯನ್ನು ಖಾಲಿ ಇಡುವುದನ್ನು ಕಲಿಸಿದೆ.

"ರಾಯ್ಸ್‌ಗೆ ಸಿಟ್ಟು ಬಂದಿತ್ತಂತೆ?"

"ಅಂಗಡಿಗೇ ಬಂದು ಕೂಗಾಡ್ದ. ನಮ್ಮಪ್ಪನ ಬಂದೂಕಿನ ಕತ್ತು ಕೊಯ್ದೆಯಲ್ಲೋ ಕಟುಕ, ಅಂದ. ಲವೇಡಾ ಹತ್ರ ಎರಡು ಸಲ ಜಗಳ ಆಡಿದಾನೆ. ಇಡೀ ಊರಿಗೆ ಕೇಳ್ಸಿದೆ."

"ಹೌದು. ನನಗೂ ಕೇಳ್ಸಿದೆ, ನನಗೆ ಕಣ್ಣು ಮಾತ್ರ ಮಂದ."

ಲವೇಡಾ ಬಾಗಿಲಲ್ಲೇ ನಿಂತಿದ್ದಳು. ಅರವತ್ತೆಂಟು ವರ್ಷ, ಮೈಮೇಲೆ ಗಂಡನ ಹಳೆಯ ಸ್ವೆಟರ್. ಅಡುಗೆಮನೆಯ ಮೇಜಿನ ಮೇಲೆ ನೆರೆಯವರು ತಂದಿಟ್ಟ ಪಾತ್ರೆಗಳು ಸಾಲಾಗಿದ್ದವು. ಸಾವಾದ ಮನೆಗೆ ಊಟ ಕೊಡುವುದು ನಮ್ಮಲ್ಲಿ ರೂಢಿ. ಕೊಂದವಳೆಂದು ನಂಬಿದರೂ ಕೊಟ್ಟಿದ್ದರು.

"ನಿನ್ನೆ ಭಾನುವಾರ ನಾನು ಚರ್ಚಿಗೆ ಹೋಗ್ಲಿಲ್ಲ. ಥರ್ಮನ್ ಸಮಾಧಿ ಹತ್ರ ಕೂತಿದ್ದೆ. ಹನ್ನೆರಡಕ್ಕೆ ಬಂದ್ರೆ ರಾಯ್ಸ್ ಇಲ್ಲಿ ಬಿದ್ದಿದ್ದ," ಎಂದು ಒಲೆಯ ಎದುರಿನ ನೆಲ ತೋರಿಸಿದಳು. "ನೀನು ಅಲ್ಲಿದ್ದೆ ಅನ್ನೋಕೆ ಸಾಕ್ಷಿ ಯಾರು ಅಂತ ಷೆರಿಫ್ ಕೇಳ್ತಾನೆ. ಥರ್ಮನ್‌ನ ಕೇಳಪ್ಪ, ಅಂದೆ."

"ಬಂದೂಕು ಎಲ್ಲಿರ್ತಿತ್ತು?"

"ಕಪಾಟಿನ ಹಿಂದೆ. ಆರ್ವಿಲ್ ಹೇಳ್ದ ಹಾಗೇ ನಾಲ್ಕು ತುಂಬಿಟ್ಟಿದ್ದೆ, ಕ್ರಿಸ್ಮಸ್‌ಗೆ ಮುಂಚೆ. ಆಮೇಲೆ ಮುಟ್ಟಿಲ್ಲ."

ಐನೆಜ್ ಕೋಣೆಯಲ್ಲಿ ನಿಧಾನವಾಗಿ ಸುತ್ತಾಡಿದಳು. ಸಿಂಕಿನ ಮೇಲಿನ ಕಿಟಕಿ ಗೇಣಗಲ ತೆರೆದಿತ್ತು. ಅದರ ಚೌಕಟ್ಟು ಕೆಳಗೆ ಬೀಳದಂತೆ ಹೆಬ್ಬೆರಳು ದಪ್ಪದ ಒಂದು ಮರದ ತುಂಡನ್ನು ಆಸರೆ ಕೊಟ್ಟಿದ್ದರು, ಎಣ್ಣೆ ಕುಡಿದು ಕಪ್ಪಾದದ್ದು. ಅವಳು ಅದನ್ನು ಬೆರಳಿನಿಂದ ಸವರಿ ನೋಡಿ ಹೊರಬಂದಳು.

ಷೆರಿಫ್ ಗೇಲನ್ ಸಿಮ್ಸ್ ನಮ್ಮನ್ನು ಕಂಡು ಎದ್ದು ನಿಂತ. ಹದಿನೇಳರ ವಯಸ್ಸಿನಲ್ಲಿ ಅವನು ಪರವಾನಗಿ ಇಲ್ಲದೆ ಬೇಟೆಯಾಡಿ ಐನೆಜ್ ಕೈಗೆ ಸಿಕ್ಕಿದ್ದ. ಆ ಹೆದರಿಕೆ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಸರಳ ಕೇಸು ಮೇಡಂ. ರಾಯ್ಸ್ ಬಂದೂಕು ತಗೊಂಡು ಹೋಗೋಕೆ ಬಂದಿದಾನೆ, ಚೀಲಾನೂ ತಂದಿದಾನೆ. ಇವ್ರು ಬಂದು ನೋಡಿದಾರೆ, ಹೊಡೆದಿದಾರೆ. ಆಮೇಲೆ ಭಯ ಆಗಿ ಉಳಿದ ಮೂರು ತೋಟಾ ತೆಗೆದು ಮೇಜಿನ ಮೇಲಿಟ್ಟಿದಾರೆ."

"ಹೇಗಿಟ್ಟಿದ್ರು?"

ಅವನು ಫೋಟೋ ತೋರಿಸಿದ. ಬಂದೂಕಿನ ಕ್ಯಾನ್ವಾಸ್ ಚೀಲ ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿತ್ತು. ಪಕ್ಕದಲ್ಲಿ ಮೂರು ಹಸಿರು ತೋಟಾ, ಹಿತ್ತಾಳೆಯ ಬುಡ ಕೆಳಗೆ ಮಾಡಿ ಸಾಲಾಗಿ ನಿಲ್ಲಿಸಿದ್ದು.

"ಬಂದೂಕಿನೊಳಗೆ?"

"ಸುಟ್ಟ ತೋಟಾದ ಖಾಲಿ ಕವಚ ಗುಂಡಿನ ಮನೇಲೇ ಇತ್ತು. ಮತ್ತೇನಿಲ್ಲ. ಹೊಡೆದದ್ದು ಒಂದೂವರೆ ಅಡಿ ದೂರದಿಂದ, ಎದುರಿಗೆ. ತಾನೇ ಹೊಡ್ಕೊಂಡಿಲ್ಲ."

ಐನೆಜ್ ಆ ಮೂರು ತೋಟಾಗಳನ್ನು ಪೊಲೀಸರ ಪ್ಲಾಸ್ಟಿಕ್ ಚೀಲದಲ್ಲಿದ್ದಂತೆಯೇ ಕಣ್ಣ ಹತ್ತಿರ ಹಿಡಿದಳು. ಕಾಣಲಿಲ್ಲ. ನನಗೆ ಕೊಟ್ಟಳು. "ಅಂಚಲ್ಲಿ ಗೀರು ಇದೆಯೇನೋ?"

ಇತ್ತು. ಮೂರರ ಹಿತ್ತಾಳೆಯ ಅಂಚಿನಲ್ಲೂ ತೋಟಾವನ್ನು ಹೊರಗೆಳೆಯುವ ಬಂದೂಕಿನ ಕೊಕ್ಕೆ ಮಾಡಿದ ಸಣ್ಣ ಹೊಳೆಯುವ ಗೀರು.

"ಮುಗೀತು, ನಡಿ," ಎಂದಳು. ನನಗೆ ಏನು ಮುಗಿಯಿತೆಂದು ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ಡೆಲ್ಬರ್ಟ್ ಕ್ರೇನ್ ಅಂಗಡಿಗೆ ಬಂದ. ಥರ್ಮನ್ ಜೊತೆ ನಲವತ್ತು ಚಳಿಗಾಲ ಒಂದೇ ದೋಣಿಯಲ್ಲಿ ಬೇಟೆಯಾಡಿದವನು. ಥರ್ಮನ್ ಹೋದ ಮೇಲೆ ರಾಯ್ಸ್ ಜೊತೆ ಹೋಗುತ್ತಿದ್ದ. ಏನನ್ನೂ ಕೊಳ್ಳಲಿಲ್ಲ. ಕೌಂಟರಿನ ಮೇಲಿನ ಸ್ಕ್ರೂಗಳನ್ನು ಅತ್ತಿತ್ತ ಸರಿಸುತ್ತ ನಿಂತ.

"ಆರ್ವಿಲ್, ಹಳೇ ಬಂದೂಕು ತಾನಾಗೇ ಸಿಡಿಯುತ್ತಾ? ನಳಿಗೆ ಗಿಳಿಗೆ ಕತ್ತರಿಸಿದ್ಮೇಲೆ?"

"ನನ್ನ ಕೆಲಸ ಸರಿಯಿಲ್ಲ ಅಂತೀಯಾ?"

"ಇಲ್ಲ ಮಾರಾಯ. ಖಾಲಿ ಇರೋದು ಅಂತೂ ಸಿಡಿಯಲ್ಲ ಅಲ್ವಾ." ನಕ್ಕಂತೆ ಮಾಡಿದ. "ನಿದ್ದೆ ಬರ್ತಿಲ್ಲ, ಅಷ್ಟೇ."

ಮನಸ್ಸಿನಲ್ಲೇ ಅವನನ್ನು ಬೈದುಕೊಂಡೆ. ಅವನು ಹೋದ ಮೇಲೆ ನನಗೂ ಅದೇ ಪ್ರಶ್ನೆ ಹತ್ತಿತು. ಅಂಥದೇ ಬಂದೂಕೊಂದನ್ನು ಬೆಂಚಿನ ಮೇಲೆ ಬಿಚ್ಚಿ, ಜೋಡಿಸಿ, ಬಡಿದು, ಬೀಳಿಸಿ ನೋಡಿದೆ. ಸಿಡಿಯಲಿಲ್ಲ. ಸಿಡಿದಿದ್ದರೇ ಸಮಾಧಾನವಾಗುತ್ತಿತ್ತೇನೋ ಎಂದು ಕೂಡ ಅನ್ನಿಸಿತು, ಅಷ್ಟು ದಣಿದಿದ್ದೆ. ಸಂಜೆ ಡೆಲ್ಬರ್ಟ್ ಕೇಳಿದ್ದನ್ನು ಐನೆಜ್‌ಗೆ ಹೇಳಿದಾಗ ಅವಳು, "ನಾಳೆ ಮಧ್ಯಾಹ್ನ ಎಲ್ಲರೂ ಲವೇಡಾ ಅಡುಗೆಮನೆಗೆ ಬರ್ಲಿ. ಡೆಲ್ಬರ್ಟ್‌ಗೂ ಹೇಳು," ಎಂದಳು.

ಬುಧವಾರ ಮಧ್ಯಾಹ್ನ ಎಲ್ಲರೂ ಬಂದರು. ಲವೇಡಾ ಕಾಫಿ ಹಾಕಿ ಸೇಬಿನ ಕಡುಬು ಕರಿದಿದ್ದಳು. ರಾಯ್ಸ್‌ನ ಹೆಂಡತಿ ಜೋಲೀನ್ ತಟ್ಟೆಯನ್ನು ದೂರ ತಳ್ಳಿದಳು. ಕೆಂಡಲ್ ಅಮ್ಮನಿಗೂ ದೊಡ್ಡಮ್ಮನಿಗೂ ನಡುವೆ ಕುರ್ಚಿ ಹಾಕಿಕೊಂಡ. ಡೆಲ್ಬರ್ಟ್ ಬಾಗಿಲ ಹತ್ತಿರ ಕೂತ. ಷೆರಿಫ್ ನಿಂತೇ ಇದ್ದ. ಬಂದೂಕು ಮೇಜಿನ ಮೇಲಿತ್ತು, ಖಾಲಿ, ಬಾಯಿ ತೆರೆದು.

"ಇದೇನು ನಾಟಕ?" ಎಂದಳು ಜೋಲೀನ್. "ಹೊಡೆದೋಳು ಎದುರಿಗೇ ಕೂತಿದಾಳೆ. ಕಡುಬು ಬೇರೆ ಹಂಚ್ತಾಳೆ!"

"ಹತ್ತು ನಿಮಿಷ ಕೊಡಮ್ಮ," ಎಂದಳು ಐನೆಜ್. "ನನಗೂ ಇದು ಇಷ್ಟ ಇಲ್ಲ. ಗೇಲನ್, ಹೊಡೆದ ಮೇಲೆ ಲವೇಡಾ ಮೂರು ತೋಟಾ ತೆಗೆದ್ಲು ಅಂದೆ. ಆ ಮೂರರ ಮೇಲೂ ಕೊಕ್ಕೆ ಗೀರು ಇದೆ. ಅಂದ್ರೆ ಪಂಪ್ ಎಳೆದು, ಗುಂಡಿನ ಮನೆ ದಾಟಿಸಿ ತೆಗೆದಿದ್ದು. ಹಾಗೆ ಎಳೆದ್ರೆ ಮೊದಲು ಆಚೆ ಬೀಳೋದು ಯಾವುದು ಆರ್ವಿಲ್?"

"ಸುಟ್ಟ ಕವಚ," ಎಂದೆ. ಹೇಳುತ್ತಿದ್ದಂತೆ ನನಗೆ ನಾಚಿಕೆಯಾಯಿತು. ಇದು ನನಗೆ ಸೋಮವಾರವೇ ಹೊಳೆಯಬೇಕಿತ್ತು.

"ಅದು ಒಳಗೇ ಇತ್ತು. ಅಂದ್ಮೇಲೆ ಮೂರು ತೋಟಾ ಹೊರಗೆ ಬಂದಿದ್ದು ಮೊದಲು, ಗುಂಡು ಹಾರಿದ್ದು ಆಮೇಲೆ. ಕೊಲ್ಲೋಕೆ ಬಂದೋರು ಮೊದಲು ತೋಟಾ ತೆಗೆದು ಸಾಲಾಗಿ ನಿಲ್ಲಿಸ್ತಾರಾ? ತೆಗೆದೋರು ಬಂದೂಕನ್ನ ಖಾಲಿ ಮಾಡ್ತಿದ್ರು. ಖಾಲಿ ಆಯ್ತು ಅಂತ ನಂಬಿದ್ರು."

ಷೆರಿಫ್ ಟೋಪಿ ತೆಗೆದ.

"ಮೂರಕ್ಕೆ ನಿಲ್ಲಿಸಿದ್ರು," ಎಂದು ಅವಳು ಮುಂದುವರಿಸಿದಳು. "ಲವೇಡಾ ನಾಲ್ಕು ತುಂಬಿದ್ಲು, ನಾಲ್ಕು ತೆಗೀತಿದ್ಲು. ಕೆಂಡಲ್, ಆರ್ವಿಲ್ ಅಂಗಡಿಯಿಂದ ಬಂದೂಕು ತಂದುಕೊಟ್ಟಿದ್ದು ನೀನು. ಅದರಲ್ಲಿ ಎಷ್ಟು ಹಿಡಿಯುತ್ತೆ?"

"ನಳಿಗೆ ಕೆಳಗಿನ ಕೊಳವೇಲಿ ನಾಲ್ಕು. ತುಂಬಿ ತೋರಿಸಿದ್ರು."

"ನಿಂಗೂ ಗೊತ್ತಿತ್ತು, ನೀನಾದ್ರೂ ನಾಲ್ಕು ತೆಗೀತಿದ್ದೆ. ನಿಮ್ಮಮ್ಮ ಹನ್ನೆರಡರ ತನಕ ಚರ್ಚಲ್ಲಿ ಹಾಡ್ತಿದ್ಲು, ಗೇಲನ್ ಅವಳ ಹಿಂದಿನ ಸಾಲಲ್ಲೇ ನಿದ್ದೆ ಮಾಡ್ತಿದ್ದ."

"ನಿದ್ದೆ ಅಲ್ಲ ಮೇಡಂ, ಪ್ರಾರ್ಥನೆ," ಎಂದ ಷೆರಿಫ್.

ಐನೆಜ್ ಎದ್ದು ಸಿಂಕಿನ ಹತ್ತಿರ ಹೋದಳು. ಕಿಟಕಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಮರದ ತುಂಡನ್ನು ತೆಗೆದಳು. ಚೌಕಟ್ಟು ದಡಕ್ಕನೆ ಬಿತ್ತು. ಜೋಲೀನ್ ಬೆಚ್ಚಿದಳು. ಐನೆಜ್ ತುಂಡನ್ನು ತಂದು ಬಂದೂಕಿನ ಪಕ್ಕದಲ್ಲಿಟ್ಟಳು.

"ನಾನು ವಾರ್ಡನ್ ಆದ ಮೊದಲ ಚಳಿಗಾಲ. ಬಾತುಕೋಳಿಗೆ ಹೋಗೋ ಬಂದೂಕಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ತೋಟಾ ಹಿಡೀಬಾರ್ದು, ಅದು ಕಾನೂನು. ಥರ್ಮನ್ ಬಂದೂಕಲ್ಲಿ ಹೆಚ್ಚು ಹಿಡೀತು. ದಂಡ ಹಾಕ್ದೆ. ಮರುದಿನ ವಾಲ್‌ನಟ್ ಮರ ಕೆತ್ತಿ ಈ ಬೆಣೆ ಮಾಡಿ, ಹೆಚ್ಚು ತೋಟಾ ಹೋಗದ ಹಾಗೆ ಕೊಳವೆ ಒಳಗೆ ಕೂರಿಸ್ದ. ಸಾಯೋವರೆಗೂ ತೆಗೀಲಿಲ್ಲ. ಆ ದೋಣೀಲಿ ಕೂತ ಯಾರಿಗೇ ಆಗ್ಲಿ, ಆ ಬಂದೂಕು ಅಂದ್ರೆ ಮೂರು. ನಳಿಗೆ ಗಿಡ್ಡ ಆಗಿದ್ದು ಕಣ್ಣಿಗೆ ಕಾಣುತ್ತೆ, ಹಿಡಿ ಗಿಡ್ಡ ಆಗಿದ್ದೂ ಕಾಣುತ್ತೆ. ಇದನ್ನ ತೆಗೆದಿದ್ದು ಹೊರಗಿಂದ..."

"ಅದು ಯಾವಾಗ ಹೊರಗೆ ಬಂತು?"

ಕೇಳಿದವನು ಡೆಲ್ಬರ್ಟ್. ಎದ್ದು ನಿಂತಿದ್ದ. ಕಣ್ಣು ಬೆಣೆಯ ಮೇಲೇ ಇತ್ತು.

"ಅಕ್ಟೋಬರ್‌ನಲ್ಲಿ," ಎಂದೆ ನಾನು. "ನಾನೇ ತೆಗೆದು ಬಂದೂಕಿನ ಜೊತೆ ವಾಪಸ್ ಕಳಿಸ್ದೆ. ಮನೆ ಕಾವಲಿಗೆ ಮೂರು ಸಾಲದು ಅಂತ."

"ಮೂರು ಎಣಿಸ್ದೆ," ಎಂದ ಡೆಲ್ಬರ್ಟ್. ನಮ್ಮ ಯಾರನ್ನೂ ನೋಡದೆ ಲವೇಡಾಗೆ ಹೇಳಿದ. "ನಾನು ಎಣಿಸ್ದೆ ಲವೇಡಾ. ನೀನು ಚರ್ಚಲ್ಲಿರ್ತೀಯ ಅಂತ ರಾಯ್ಸ್ ಕರ್ಕೊಂಡು ಬಂದ. ಬೇಡ ಕಣೋ, ಅವಳದು, ಬಿಡು ಅಂದೆ. ಕೇಳ್ಲಿಲ್ಲ. ಹಾಗಾದ್ರೆ ಖಾಲಿ ಮಾಡಿಯಾದ್ರೂ ಕೊಡ್ತೀನಿ ಅಂತ ನಾನೇ ತಗೊಂಡೆ. ಒಂದು, ಎರಡು, ಮೂರು. ನಿಲ್ಲಿಸ್ದೆ. ಚೀಲಕ್ಕೆ ಹಾಕೋ ಮುಂಚೆ ಖಾಲಿ ಬಂದೂಕಿನ ಕುದುರೆ ಎಳೆದು ಬಿಡ್ತೀವಲ್ಲ, ಸ್ಪ್ರಿಂಗ್ ಸಡಿಲ ಆಗ್ಲಿ ಅಂತ. ಅವನು ಅವಸರ, ನಳಿಗೆ ಹಿಡಿದು ತನ್ನ ಕಡೆ ಎಳ್ಕೊಂಡ. ಅಷ್ಟರಲ್ಲೇ ನನ್ನ ಬೆರಳು..."

ಅವನ ಬೆರಳು ಗಾಳಿಯಲ್ಲಿ ಮಡಚಿಕೊಂಡಿತು.

"ಏರಿ ಮೇಲೆ ನಡ್ಕೊಂಡು ಮನೆಗೆ ಹೋದೆ. ದಾರಿಯುದ್ದಕ್ಕೂ ಎಣಿಸ್ತಾನೇ ಇದ್ದೆ. ಇವತ್ತಿನ ತನಕ ಎಣಿಸ್ತಾ ಇದೀನಿ. ಎಷ್ಟು ಸಲ ಎಣಿಸಿದ್ರೂ ಮೂರೇ."

ಜೋಲೀನ್ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಕೆಂಡಲ್ ಅವಳ ಬೆನ್ನ ಮೇಲೆ ಕೈಯಿಟ್ಟ. ಲವೇಡಾ ಮಾತ್ರ ಅಳಲಿಲ್ಲ. ಒಲೆಯ ಪಕ್ಕದಿಂದ ತೊಳೆದಿಟ್ಟ ನೀಲಿ ಪಾತ್ರೆಯೊಂದನ್ನು ತಂದು ಡೆಲ್ಬರ್ಟ್‌ನ ಎದುರಿಗಿಟ್ಟಳು.

"ಇದು ನಿನ್ನದು. ಭಾನುವಾರ ಸಂಜೆ ನೀನೇ ಕೋಳಿ, ಅನ್ನ ಮಾಡ್ಕೊಂಡು ಬಂದಿದ್ದೆ. ಧೈರ್ಯವಾಗಿರು ಅಂತ ನಂಗೆ ಹೇಳ್ದೆ. ನಾಲ್ಕು ದಿನ ಡೆಲ್ಬರ್ಟ್. ನನ್ನನ್ನ ಕೊಲೆಗಾತಿ ಅಂತಿದ್ರು, ನಿಂಗೆ ಗೊತ್ತಿತ್ತು. ಬೆಣೆ ವಿಷಯ ನಿಂಗೆ ಗೊತ್ತಿರ್ಲಿಲ್ಲ, ಒಪ್ಕೋತೀನಿ. ಇದು ಗೊತ್ತಿತ್ತು."

ಅವನು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಷೆರಿಫ್ ಅವನ ಮೊಣಕೈ ಹಿಡಿದು ಕರೆದೊಯ್ಯುವಾಗಲೂ ಅದು ಅವನ ಕೈಯಲ್ಲೇ ಇತ್ತು. ಗುರುವಾರ ಜಡ್ಜ್ ಎದುರು ನಿಂತವನು ಅವನು. ಲವೇಡಾ ಆ ದಿನ ಮನೆಯಲ್ಲೇ ಮಲಗಿ ನಿದ್ದೆ ಮಾಡಿದಳಂತೆ, ಮಧ್ಯಾಹ್ನದ ತನಕ.

ವಾಪಸು ಬರುವಾಗ ಗದ್ದೆಗಳ ನೀರು ಬಹುಪಾಲು ಇಳಿದಿತ್ತು. ಐನೆಜ್ ಸೀಟನ್ನು ಹಿಂದಕ್ಕೆ ಸರಿಸಿ ಕಾಲು ಚಾಚಿದಳು.

"ಡೆಲ್ಬರ್ಟ್ ಅಂತ ನಿನಗೆ ಯಾವಾಗ ಗೊತ್ತಾಯ್ತು?" ಎಂದೆ.

"ನಿನ್ನ ಅಂಗಡೀಲಿ ಖಾಲಿ ಬಂದೂಕಿನ ಮಾತು ಎತ್ತಿದಾಗ. ಪೇಪರ್‌ನಲ್ಲಿ ಬಂದೂಕು ತುಂಬಿತ್ತು ಅಂತ ಬಂದಿತ್ತು. ಖಾಲಿ ಮಾಡಿದೋನಿಗೆ ಮಾತ್ರ ಅದು ಖಾಲಿ." ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಆ ಬೆಣೇನ ಒಳಗೆ ಹಾಕ್ಸಿದ್ದು ನಾನು. ಹೊರಗೆ ತೆಗೆದಿದ್ದು ನೀನು. ಎರಡೂ ಸರಿಯಾದ ಕೆಲಸವೇ ನೋಡು."

ಸೇತುವೆ ದಾಟುವಷ್ಟರಲ್ಲಿ ಅವಳು ನಿದ್ದೆಹೋಗಿದ್ದಳು.

ತಿಂಗಳ ನಂತರ ಷೆರಿಫ್ ಬಂದೂಕನ್ನು ಲವೇಡಾಗೆ ಹಿಂತಿರುಗಿಸಿದ. ಅವಳು ಅದನ್ನು ನನ್ನ ಅಂಗಡಿಗೆ ತಂದಿಟ್ಟು ಬೇಡ ಎಂದಳು. ಬೆಣೆಯನ್ನು ಮಾತ್ರ ಇಟ್ಟುಕೊಂಡಳು. ಕಿಟಕಿಗೆ ಬೇಕಿತ್ತು.

ಅಂದಿನಿಂದ ಅಂಗಡಿಗೆ ಬರುವ ಯಾವ ಬಂದೂಕಿನ ತೋಟಾಗಳನ್ನೂ ನಾನು ಎಣಿಸುವುದಿಲ್ಲ. ಗುಂಡಿನ ಮನೆ ತೆರೆದು ಕಿರುಬೆರಳನ್ನು ಒಳಗೆ ಹಾಕುತ್ತೇನೆ. ತಣ್ಣಗಿನ ಕಬ್ಬಿಣ ಮತ್ತು ಅದರಾಚೆಯ ಖಾಲಿ ಎರಡೂ ಬೆರಳಿಗೆ ತಾಗುವ ತನಕ ತೆಗೆಯುವುದಿಲ್ಲ.