ಎರಡೂ ಒಂದೇ ಅಂದೆ

ಕುಬೇರ ನನ್ನ ಕೌಂಟರಿಗೆ ಮೊದಲ ಸಲ ಬಂದದ್ದು ಜಗಳಕ್ಕೆ. 2001ರ ಮೇ ತಿಂಗಳು. ದಾಂಡೇಲಿಯ ಕಲರ್ ಲ್ಯಾಬಿನಲ್ಲಿ ಪ್ರಿಂಟಿನ ಬಣ್ಣ ಸರಿಮಾಡುವುದು ನನ್ನ ಕೆಲಸ. ಅವನು ಈಶಪ್ಪನವರ ಸ್ಟುಡಿಯೋಕ್ಕೆ ಮದುವೆ ಫೋಟೋ ತೆಗೆಯುತ್ತಿದ್ದ, ಮುಂಡಗೋಡ ಕಡೆಯ ತಾಂಡಾದ ಹುಡುಗ. ನಾನು ರಜೆಯಲ್ಲಿದ್ದ ದಿನ ಯಾರೋ ಹೊಡೆದ ಪ್ರಿಂಟುಗಳನ್ನು ತಂದು ನನ್ನ ಮುಂದೆ ಹರವಿದ.

"ಪಾರ್ಟಿಯವರು ಬಣ್ಣ ಸರಿ ಇಲ್ಲ ಅಂತ ನನ್ನ ಮ್ಯಾಲೆ ಬಂದಾರ. ನನಗಂತೂ ಎಲ್ಲಾ ಸರಿ ಕಾಣತೈತಿ."

"ಮದಿಮಗಳು ಹಸರ ಹಲ್ಲಿ ಆಗ್ಯಾಳಲ್ರೀ," ಎಂದೆ. "ನಿಮಗ ಕಣ್ಣ ಕಾಣಂಗಿಲ್ಲೇನು?"

ನನ್ನ ನಾಲಿಗೆಯೇ ಹಾಗೆ. ಅವನು ಪ್ರಿಂಟುಗಳನ್ನು ಒಂದೊಂದಾಗಿ ಕವರಿಗೆ ಹಾಕಿಕೊಂಡು ಹೋದ. ಮರುದಿನ ಮಧ್ಯಾಹ್ನ, ಅಂಗಡಿ ಖಾಲಿ ಇರುವಾಗ ಬಂದು, ಕೌಂಟರಿನ ಗಾಜನ್ನೇ ನೋಡುತ್ತ ಹೇಳಿದ.

"ನೀವು ಅಂದದ್ದು ಖರೇ ಐತಿ. ನನಗ ಕೆಂಪು, ಹಸರು ತಿಳಿಯಂಗಿಲ್ಲ. ಬಸ್ಸಿನ ಡ್ರೈವರ್ ಕೆಲಸಕ್ಕ ಹೋದಾಗ ಡಾಕ್ಟರು ಚುಕ್ಕಿ ಪುಸ್ತಕ ತೋರಿಸಿ ವಾಪಸ್ ಕಳಸಿದ್ರು. ಈಶಪ್ಪನವರಿಗೆ ಗೊತ್ತಿಲ್ಲ. ಯಾರಿಗೂ ಹೇಳಬ್ಯಾಡ್ರಿ."

ಹೇಳಲಿಲ್ಲ. ಅಂದಿನಿಂದ ಅವನ ರೋಲುಗಳನ್ನೆಲ್ಲ ನಾನೇ ಪ್ರಿಂಟ್ ಮಾಡಿದೆ. ನೆಗೆಟಿವ್ ಫಿಲ್ಮಿನಲ್ಲಿ ಅದೊಂದು ಅನುಕೂಲ, ಫೋಟೋ ತೆಗೆದವನ ತಪ್ಪನ್ನು ಲ್ಯಾಬಿನಲ್ಲಿ ಕೂತವಳು ತಿದ್ದಬಹುದು. ಮದುಮಗಳು ಕೆಂಪಾದಳು, ಮಾವಿನ ತೋರಣ ಹಸಿರಾಯಿತು, ಕುಬೇರನ ಫೋಟೋದಲ್ಲಿ ಬಣ್ಣ ಅಂದರೆ ಬಣ್ಣ ಎಂದು ದಾಂಡೇಲಿಯಲ್ಲಿ ಹೆಸರಾಯಿತು. ಆ ಹೆಸರಿನ ಅರ್ಧ ನನ್ನದು ಎಂದು ನನಗೆ ಒಳಗೊಳಗೇ ಸೊಕ್ಕು.

ಆಮೇಲೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ನಮ್ಮ ಆಟ ಶುರುವಾಯಿತು.

"ಆ ಬಸ್ಸು?"

"ಕೆಂಪು."

"ಆ ಹೆಣ್ಮಗಳು ಹೊತ್ತ ಕೊಡ?"

"ಹಸರು."

"ನಿನ್ನ ರಿಬ್ಬನ್?"

"ಅದನ್ನ ಹೇಳಂಗಿಲ್ಲ. ಹತ್ರ ಬಂದು ನೋಡು."

ಹತ್ತಿರ ಬಂದರೆ ಅವನಿಗೆ ತಿಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೂ ಬರುತ್ತಿದ್ದ. ರಿಬ್ಬನ್ ಬಿಟ್ಟು ಉಳಿದೆಲ್ಲ ನೋಡುತ್ತಿದ್ದ. ಕಿವಿಯ ಹತ್ತಿರ ಅವನ ಉಸಿರು ತಾಗಿದಾಗ ನಾನು ಮನೆಗೆ ಹೋಗುವ ಹಳಿಯಾಳದ ಬಸ್ಸನ್ನು ಬೇಕೆಂದೇ ಬಿಡುತ್ತಿದ್ದೆ.

ಆ ಕ್ರಿಸ್‌ಮಸ್ಸಿಗೆ ಅವನು ಹಳಿಯಾಳ ಪೇಟೆಯಲ್ಲಿ ತಾನೇ ಆರಿಸಿ ಒಂದು ಸೀರೆ ತಂದ. "ಕೆಂಪು," ಎಂದ. "ನಿನಗ ಒಪ್ಪತೈತಿ." ಬಿಚ್ಚಿ ನೋಡಿದೆ. ಕೆರೆಯ ಪಾಚಿಯ ಬಣ್ಣ. ಅಂಗಡಿಯವನನ್ನು ಕೇಳಲು ನಾಚಿಕೆಯಾಗಿ, ರಾಶಿಯಿಂದ ಎಳೆದು ತಂದಿದ್ದಾನೆ.

"ಎಷ್ಟ ಚಂದ ಕೆಂಪು," ಎಂದೆ. ಅವನ ಮುಖ ಅರಳಿತು.

ನಮ್ಮದು ಹಳಿಯಾಳದ ಹತ್ತಿರದ ಹಳ್ಳಿ, ನಾವು ಸಿದ್ದಿ ಕ್ರಿಶ್ಚಿಯನ್ನರು. ಚರ್ಚಿನ ಪೂಜೆಗೆ ಅದನ್ನೇ ಉಟ್ಟು ಹೊರಟಾಗ ಅವ್ವ ಬಾಗಿಲಲ್ಲಿ ತಡೆದಳು. "ಹಬ್ಬಕ್ಕ ಪಾಚಿ ಬಣ್ಣದ ಸೀರಿ ಯಾರ ಉಡತಾರ, ಸಿಲ್ವಿಯಾ?" ನಾನು ನಕ್ಕೆ. ಅಷ್ಟು ಸಂತೋಷದ ಸುಳ್ಳನ್ನು ನಾನು ಅದಕ್ಕೆ ಮೊದಲು ಹೇಳಿರಲಿಲ್ಲ.

ಮುಂದಿನ ಅಕ್ಟೋಬರಿನಲ್ಲಿ ಪಣಜಿಯ ಒಂದು ಪ್ರವಾಸಿ ಕಂಪನಿ ಕಾಳಿ ನದಿಯ ಕಣಿವೆಯ ಮೇಲೆ ಕ್ಯಾಲೆಂಡರ್ ಮಾಡಬೇಕೆಂದು ಹೊರಟಿತು. ಚೆನ್ನಾಗಿ ತೆಗೆದುಕೊಟ್ಟವನಿಗೆ ಕಾಯಂ ಕೆಲಸ. ಕುಬೇರ ಹುಬ್ಬಳ್ಳಿಯ ಕ್ಯಾಮೆರಾ ಅಂಗಡಿಯಿಂದ ಎರಡು ಪೋಲರೈಸರ್ ಫಿಲ್ಟರ್ ತಂದ, ನೋಡಿ ಒಂದನ್ನು ಶನಿವಾರದೊಳಗೆ ಹಿಂದಿರುಗಿಸುವ ಕರಾರಿನ ಮೇಲೆ. ಒಂದು ಅಗ್ಗದ್ದು, ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು, ಅದರ ರಿಂಗು ಕರಕರ ಎನ್ನುತ್ತಿತ್ತು. ಇನ್ನೊಂದು ಜರ್ಮನಿಯದು. ಅದರ ಬೆಲೆಗೆ ಅಗ್ಗದವು ಹತ್ತು ಬರುತ್ತಿದ್ದವು.

"ಏನಿದು, ಕರಿ ಕನ್ನಡಕ?" ಎಂದು ಕೆಣಕಿದೆ.

"ಲೆನ್ಸಿನ ಮುಂದ ಹಾಕಿ ತಿರಗಸಬೇಕು. ನೀರಿನ ಮ್ಯಾಲಿನ ಹೊಳಪು ಹೋಗಿ ತಳದ ಕಲ್ಲು ಕಾಣತಾವ. ಬಾ, ಹೊಳಿಗೆ ಹೋಗೂಣು."

ಭಾನುವಾರ ಮುಂಜಾನೆ ಕಾಳಿಯ ದಂಡೆಯ ಬಂಡೆಯ ಮೇಲೆ ನನ್ನನ್ನು ನಿಲ್ಲಿಸಿದ. ನಾನು ಬಿಳಿ ಚೂಡಿದಾರ ಹಾಕಿದ್ದೆ, ತಲೆಗೂ ಮುಖಕ್ಕೂ ತೆಂಗಿನೆಣ್ಣೆ. ಅವನು ಒಂದು ಕಣ್ಣು ಮುಚ್ಚಿ ಕ್ಯಾಮೆರಾದ ಹಿಂದೆ ಕೂತ. ಆ ಮುಚ್ಚಿದ ಕಣ್ಣಿನ ರೆಪ್ಪೆ ಸಣ್ಣಗೆ ಅದುರುತ್ತಿತ್ತು. ಬೆರಳು ರಿಂಗನ್ನು ಮೆಲ್ಲಗೆ ತಿರುಗಿಸುತ್ತಿತ್ತು. ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿರಲಿಲ್ಲ.

"ಈಗ ನಿನ್ನ ಗಲ್ಲದ ಹೊಳಪು ಹೋತು," ಎಂದ. "ಈಗ ಮತ್ತ ಬಂತು."

"ಹೋಗಬೇಕೋ, ಬರಬೇಕೋ?"

"ಸುಮ್ಮನ ನಿಂದರು. ನಕ್ಕರ ಕೈ ನಡಗತೈತಿ."

ಅಗ್ಗದ ಫಿಲ್ಟರಿನಲ್ಲಿ ಹನ್ನೆರಡು, ದುಬಾರಿಯದರಲ್ಲಿ ಹನ್ನೆರಡು. ಇಪ್ಪತ್ತನಾಲ್ಕು ಸಲ ನನ್ನನ್ನು ಪ್ರೀತಿಸಿದ ಎಂದುಕೊಂಡು ನಾನು ಮನೆಗೆ ಹೋದೆ.

ಸೋಮವಾರ ರೋಲು ಲ್ಯಾಬಿಗೆ ಬಂತು. ತಿದ್ದದೆ ಹೊಡಿ ಎಂದಿದ್ದ. ಹಾಗೇ ಹೊಡೆದೆ. ಅಗ್ಗದ್ದು ನನ್ನ ಬಿಳಿ ಚೂಡಿದಾರಕ್ಕೆ ಪಾಚಿ ನೀರಿನ ಬಣ್ಣ ಕೊಟ್ಟಿತ್ತು. ಹೊಳೆ ಹಸಿರು, ಮೂಲೆಗಳು ತುಸು ಮಬ್ಬು. ದುಬಾರಿಯದರಲ್ಲಿ ಬಿಳಿ ಬಿಳಿಯೇ, ನೀರಿನ ತಳದಲ್ಲಿ ಕಲ್ಲಿನ ಗೆರೆ ಕೂಡ ಕಾಣುತ್ತಿತ್ತು. ಹೋಲಿಸುವ ಮಾತೇ ಇರಲಿಲ್ಲ.

ಪ್ರಿಂಟು ಹಾಕಲು ಅವನ ಕವರು ತೆರೆದಾಗ ಒಳಗೆ ಹುಬ್ಬಳ್ಳಿಯ ಅಂಗಡಿಯವನಿಗೆ ಬರೆದ ಚೀಟಿ ಇತ್ತು. ಅವನ ದುಂಡನೆಯ ಅಕ್ಷರ.

"ಫ್ರೇಮ್ 1ರಿಂದ 12 ಅಗ್ಗದ್ದು, 13ರಿಂದ 24 ಜರ್ಮನಿಯದು. ಮಾಡೆಲ್: ಸಿದ್ದಿ ಹುಡುಗಿ. ಕಪ್ಪು ಮುಖ, ಎಣ್ಣೆ ಹೊಳಪು ಜಾಸ್ತಿ. ಟೆಸ್ಟಿಗೆ ಒಳ್ಳೆಯದು."

ನನ್ನ ಹೆಸರು ಎಲ್ಲೂ ಇರಲಿಲ್ಲ.

ಹಳಿಯಾಳದ ಶಾಲೆಯಲ್ಲಿ, ದಾಂಡೇಲಿಯ ಬಸ್ಸಿನಲ್ಲಿ ಈ ಮಾತುಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಆಗೆಲ್ಲ ತಿರುಗಿ ಬೈದಿದ್ದೇನೆ. ಈ ಸಲ ಚೀಟಿಯನ್ನು ಮಡಿಸಿ, ಇದ್ದ ಹಾಗೇ ಒಳಗಿಟ್ಟೆ.

ಸಂಜೆ ಅವನು ಬಂದ. ಎರಡು ಪ್ರಿಂಟುಗಳನ್ನು ಅಕ್ಕಪಕ್ಕ ಇಟ್ಟು, ಪರೀಕ್ಷೆ ಬರೆದ ಹುಡುಗನ ಹಾಗೆ ನನ್ನ ಮುಖ ನೋಡಿದ.

"ಹೇಳು ಸಿಲ್ವಿ. ಯಾವದು ಇಟ್ಕೊಳ್ಳಲಿ?"

"ಎರಡೂ ಒಂದ," ಎಂದೆ. "ಅಗ್ಗದ್ದ ಸಾಕು."

"ಇದು ಚೂರು ಮಬ್ಬ ಅನಸ್ತೈತಿ?"

"ಅದು ಪ್ರಿಂಟಿಂದು. ಬಣ್ಣದಾಗ ಏನೂ ಫರಕ್ ಇಲ್ಲ. ಕ್ಯಾಲೆಂಡರಿಗೆ ಯಾವ ಫಿಲ್ಮ್ ಹಾಕತಿ?"

"ಸ್ಲೈಡ್ ಫಿಲ್ಮ್. ಕಂಪನಿಯವರು ಅದನ್ನ ಕೇಳ್ಯಾರ."

ಸ್ಲೈಡ್ ಫಿಲ್ಮಿನಲ್ಲಿ ಕ್ಯಾಮೆರಾ ಕಂಡದ್ದೇ ಕೊನೆ. ಆಮೇಲೆ ತಿದ್ದಲು ನನ್ನಂಥವಳು ನಡುವೆ ಇರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತಲೆ ಆಡಿಸಿದೆ.

ಅವನು ಜರ್ಮನಿಯ ಫಿಲ್ಟರನ್ನು ಹಿಂದಿರುಗಿಸಿ ಬಂದ. ಮೂರು ವಾರ ಜೋಯಿಡಾದ ಕಾಡು, ಅಂಬಿಕಾನಗರದ ಕಣಿವೆ, ಅನಮೋಡದ ಘಾಟು ತಿರುಗಿ ಒಂಬತ್ತು ರೋಲು ತೆಗೆದ. ದಿನಕ್ಕೊಮ್ಮೆ ಎಲ್ಲಿಂದಲೋ ಎಸ್‌ಟಿಡಿ ಬೂತಿನಿಂದ ಲ್ಯಾಬಿಗೆ ಫೋನು ಮಾಡುತ್ತಿದ್ದ. "ಇಲ್ಲಿ ಮರ ಎಲ್ಲಾ ಹೊಳ್ಯಾಕತ್ತಾವ ಸಿಲ್ವಿ, ಬಣ್ಣ ನೀ ಇದ್ದಿದ್ರ ಹೇಳತಿದ್ದಿ." ಪ್ರತಿ ಸಲವೂ ನಿಜ ಹೇಳಬೇಕೆಂದು ಬಾಯಿ ತೆರೆದೆ. ಪ್ರತಿ ಸಲವೂ ಆ ಚೀಟಿ ನೆನಪಾಯಿತು. "ಹೂಂ," ಎಂದು ಫೋನು ಇಟ್ಟೆ.

ಡಿಸೆಂಬರಿನಲ್ಲಿ ಪಣಜಿಯಲ್ಲಿ ನಡೆದದ್ದು ದಾಂಡೇಲಿಗೆ ಅವನಿಗಿಂತ ಮೊದಲೇ ಬಂತು. ಲೈಟಿನ ಮೇಜಿನ ಮೇಲೆ ಸ್ಲೈಡುಗಳನ್ನು ಹರವಿ ಮ್ಯಾನೇಜರು ಕೇಳಿದರಂತೆ, ಎಲ್ಲ ಯಾಕೆ ಪಾಚಿಗಟ್ಟಿದ ಹಾಗಿವೆ ಎಂದು. ಸರಿಯಾಗಿಯೇ ಇವೆಯಲ್ಲ ಎಂದು ಇವನು ವಾದಿಸಿದನಂತೆ. ಆಗ ಅವರು ಮೇಜಿನ ಮೇಲಿದ್ದ ಎರಡು ಪೆನ್ನು ಎತ್ತಿ, ಇದರಲ್ಲಿ ಕೆಂಪು ಯಾವುದು ತೋರಿಸು ಎಂದರಂತೆ. ಆರು ಜನ ನೋಡುತ್ತ ನಿಂತಿದ್ದರು. ಇವನು ಹಸಿರು ಪೆನ್ನು ಹಿಡಿದ. ಈಶಪ್ಪನವರು ಮರುದಿನವೇ ಅವನ ಕೈಯಿಂದ ಕ್ಯಾಮೆರಾ ಬಿಡಿಸಿಕೊಂಡರು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಇರುವಾಗ ಅವನು ಲ್ಯಾಬಿಗೆ ಬಂದ. ಗುಟ್ಟು ಹೇಳಿದ ದಿನದ ಹಾಗೆಯೇ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು. ಒಂದು ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಹಸರ ಆಗೇತಿ ಅಂತಾರ. ಅವರ ಮಾತ ನಾ ನಂಬಿಲ್ಲ. ನೀ ಹೇಳು."

ಎಲ್ಲರೂ ನಕ್ಕ ಮೇಲೂ ನನ್ನನ್ನೇ ಕೇಳಲು ಬಂದಿದ್ದ. ಇನ್ನೊಂದು ಸುಳ್ಳು ಹೇಳಿದ್ದರೆ ಅದನ್ನೂ ನಂಬಿ, ಇಡೀ ಜಗತ್ತಿನ ಜೊತೆ ಜಗಳಕ್ಕೆ ಹೋಗುತ್ತಿದ್ದ.

"ಹಸರ ಐತಿ," ಎಂದೆ. "ಆ ಫಿಲ್ಟರಿಂದ. ನನಗ ಅವತ್ತ ಗೊತ್ತಿತ್ತು."

ಅವನು ಸ್ಲೈಡನ್ನು ಕೌಂಟರಿನ ಮೇಲೆ ಇಳಿಸಿದ. ಅಷ್ಟರಲ್ಲಿ ನಾನೇ ಚೀಟಿಯ ಮಾತು ಎತ್ತಿದೆ. ಒಂದಕ್ಷರ ಬಿಡದೆ ಹೇಳಿದೆ, ಕಪ್ಪು ಮುಖ, ಎಣ್ಣೆ ಹೊಳಪು, ಟೆಸ್ಟಿಗೆ ಒಳ್ಳೆಯದು.

"ಅಂಗಡಿಯವಂಗ ನಿನ್ನ ಹೆಸರು ಯಾಕ ಕೊಡಲಿ ಅಂತ ಬರೀಲಿಲ್ಲ," ಎಂದ. "ಉಳಿದದ್ದು ತಪ್ಪ ಬರದೆ. ಬರಿಯಾಗ ತಪ್ಪ ಅನಸಲಿಲ್ಲ. ಬಣ್ಣ ಕಾಣದವಂಗ ಹೊಳಪ ಎಲ್ಲಾ. ನಿನ್ನ ಮುಖದಾಗ ನಾ ನೋಡತಿದ್ದದ್ದು ಅದನ್ನ."

ಇದನ್ನು ಹೊಳೆಯ ದಂಡೆಯಲ್ಲಿ ಹೇಳಿದ್ದರೆ ನಾನು ಅಲ್ಲೇ ಅವನ ಕೈ ಹಿಡಿಯುತ್ತಿದ್ದೆ. ಈಗ ಕೌಂಟರಿನ ಅಂಚು ಹಿಡಿದು ನಿಂತಿದ್ದೆ.

"ಒಂದ ಕೇಳತೇನಿ," ಎಂದ. "ಆ ಸೀರಿ ಕೆಂಪ ಐತಿ ಹೌದಿಲ್ಲೋ?"

ಬೇರೆ ಏನು ಕೇಳಿದ್ದರೂ ಆಗುತ್ತಿತ್ತು.

"ಇಲ್ಲ. ಪಾಚಿ ಬಣ್ಣ."

"ಮತ್ತ ಯಾಕ ಕೆಂಪಂದಿ?"

"ನಿನಗ ನೋವಾಗಬಾರದು ಅಂತ."

"ಫಿಲ್ಟರ್ ಒಂದ ಅಂದದ್ದು?"

"ನೋವಾಗಲಿ ಅಂತ."

ಅವನು ಜೇಬಿನಿಂದ ಅಗ್ಗದ ಫಿಲ್ಟರಿನ ಡಬ್ಬಿ ತೆಗೆದು, ಸ್ಲೈಡಿನ ಪಕ್ಕದಲ್ಲಿ ಕೌಂಟರಿನ ಮೇಲಿಟ್ಟ. ನನ್ನ ಮುಖವನ್ನು ಒಮ್ಮೆ ನೋಡಿದ, ಎರಡೂ ಕಣ್ಣು ತೆರೆದು.

"ನನಗ ನಿನ್ನ ಸುಳ್ಳು ಎರಡೂ ಒಂದ ಥರಾ ಕಂಡವು, ಸಿಲ್ವಿಯಾ."

ಹೊರಗೆ ಬಸ್ಸು ನಿಂತಿತ್ತು. ಅದರ ಬಣ್ಣ ಅವನು ಯಾರನ್ನೂ ಕೇಳಲಿಲ್ಲ. ಮುಂದೆ ಹೋಗಿ ಬೋರ್ಡು ಓದಿಕೊಂಡು ಹತ್ತಿದ.