ಕಾಲುಚೀಲದ ಬೈಗುಳ

“ಚಮಚ ಕೆಳಗಿಡಿ!” ಎಂದು ಇಡೀ ಮನೆ ಒಟ್ಟಿಗೆ ಕೂಗಿತು.

ಡ್ರೈವರ್ ಅಂಕಲ್ ಬೆಚ್ಚಿಬಿದ್ದರು. ದಿನಾ ಅಷ್ಟು ದೊಡ್ಡ ಬಸ್ಸನ್ನು ಸಣ್ಣ ಸಣ್ಣ ತಿರುವಿನಲ್ಲಿ ತಿರುಗಿಸುವ ಮನುಷ್ಯ, ಈಗ ಒಂದು ಚಮಚವನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

“ನಾಲಿಗೆ ಕಚ್ಕೊಳ್ಳಬಾರ್ದಲ್ಲ… ಅದಕ್ಕೆ ಬಾಯಿಗೆ ಅಡ್ಡ ಇಡೋಣ ಅಂತ…”

“ಬಾಯಿಗೆ ಏನೂ ಹಾಕೋ ಹಾಗಿಲ್ಲ ಅಣ್ಣಾ,” ಎಂದಳು ಅಮ್ಮ. “ಚಮಚ ಬೇಡ, ನೀರು ಬೇಡ, ಬೆರಳಂತೂ ಬೇಡವೇ ಬೇಡ. ಮೊದಲನೇ ಸಲ ನಮ್ಮನೆಯವರೂ ಚಮಚ ಹಿಡ್ಕೊಂಡೇ ಓಡಿಬಂದಿದ್ರು. ಡಾಕ್ಟರಮ್ಮ ಸರಿಯಾಗಿ ಮಂಗಳಾರತಿ ಮಾಡಿದ್ರು.”

ಅಪ್ಪ ಹೊಲಿಗೆ ಮೆಷಿನ್ನಿನ ಹಿಂದೆ ನಿಂತು, ಕುತ್ತಿಗೆಯ ಟೇಪನ್ನು ಸುಮ್ಮನೆ ಸರಿಮಾಡಿಕೊಂಡ.

ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ, ಏಳು ವರ್ಷದ ಕಾಜಾ ಕೈಕಾಲು ಬಡಿಯುತ್ತಾ ಮಲಗಿದ್ದ. ಅವನಿಗೆ ಏನೂ ಆಗಿರಲಿಲ್ಲ. ಅವನು ತನ್ನ ಅಕ್ಕನ ಪಾತ್ರ ಮಾಡುತ್ತಿದ್ದ. ಸಿನಿಮಾದ ವಿಲನ್ ಕೂಡ ಸಾಯುವಾಗ ಇಷ್ಟು ಒದ್ದಾಡುವುದಿಲ್ಲ.

“ನಾನು ಹಂಗೆಲ್ಲಾ ಮಾಡಲ್ಲ!” ಎಂದಳು ಅಕ್ಕ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು.

ಕಾಜಾ ಒಂದು ಕಣ್ಣು ತೆರೆದ. “ನಿಂಗೆ ಹೆಂಗೆ ಗೊತ್ತು? ನೀನು ನೋಡಿದ್ದೀಯಾ?”

ಅವಳಿಗೆ ಆಗಾಗ ಫಿಟ್ಸ್ ಬರುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ನೋಡಿದ್ದಾರೆ, ಪಕ್ಕದ ಮನೆಯ ಬೆಕ್ಕು ಕೂಡ ನೋಡಿದೆ. ನೋಡದೇ ಇರುವವಳು ಅವಳೊಬ್ಬಳೇ.

ಟೈಲರ್ ಮಗಳಾದ್ದರಿಂದ ಎಲ್ಲರೂ ಅವಳನ್ನು ಗುಂಡಿ ಎಂದು ಕರೆಯುತ್ತಿದ್ದರು. ತಮ್ಮ ಹುಟ್ಟಿದ ಮೇಲೆ, ಗುಂಡಿ ಇದ್ದ ಮೇಲೆ ಅದು ತೂರಲು ಕಾಜಾ ಬೇಡವೇ ಎಂದು ಅಜ್ಜ ಅವನಿಗೂ ಒಂದು ಹೆಸರು ಅಂಟಿಸಿದ.

ಇಷ್ಟೆಲ್ಲ ರಂಪಕ್ಕೆ ಕಾರಣ ಏಣಿ. ಏಣಿ ಎಂದರೆ ಗುಂಡಿಯ ಗೆಳತಿ. ಕ್ಲಾಸಿಗೇ ಉದ್ದ. ಶನಿವಾರ ರಾತ್ರಿ ಗುಂಡಿ ತಮ್ಮ ಮನೆಯಲ್ಲಿ ಉಳಿಯಬೇಕೆಂದು ಅವಳ ಹಟ. ಕ್ಲಾಸಿನಲ್ಲಿ ಎಲ್ಲರೂ ಯಾರದಾದರೂ ಮನೆಯಲ್ಲಿ ಒಂದು ರಾತ್ರಿ ಉಳಿದವರೇ. ಗುಂಡಿ ಮಾತ್ರ ಎಲ್ಲಿಯೂ ಉಳಿದಿರಲಿಲ್ಲ. ಕೇಳಿದಾಗಲೆಲ್ಲ ಅಮ್ಮ “ಬೇಡ” ಎಂದೇ ಹೇಳುತ್ತಿದ್ದಳು. ಈ ಸಲ ಗುಂಡಿ ಎರಡು ದಿನ ಮುಖ ಊದಿಸಿಕೊಂಡು ಕೂತಳು. ಕೊನೆಗೆ ಅಮ್ಮ ಒಂದು ಷರತ್ತು ಹಾಕಿದಳು. ಏಣಿಯ ಮನೆಯವರೆಲ್ಲ ಬಂದು ರಿಹರ್ಸಲ್ ಮಾಡಬೇಕು. ಪಾಸಾದರೆ ಮಾತ್ರ ಗುಂಡಿಯನ್ನು ಕಳಿಸುವುದು.

ಏಣಿಯ ಅಪ್ಪ, ಅಂದರೆ ಡ್ರೈವರ್ ಅಂಕಲ್, ಚಮಚ ತಂದು ಮೊದಲ ಸುತ್ತಿನಲ್ಲೇ ಫೇಲಾಗಿದ್ದರು.

“ಈಗ ನಾವು ಮಾಡಿ ತೋರಿಸ್ತೀವಿ, ನೋಡಿ,” ಎಂದಳು ಅಮ್ಮ. “ಕಾಜಾ, ಶುರು ಮಾಡು. ಸ್ವಲ್ಪ ಕಮ್ಮಿ ಮಾಡು.”

ಗುಂಡಿಯೂ ನೋಡಿದಳು. ಅವಳ ಮನೆಯವರದ್ದು ಯಾವಾಗಲೂ ಎತ್ತು ಏರಿಗೆ, ಕೋಣ ನೀರಿಗೆ. ಫ್ಯಾನ್ ಹಾಕುವುದೋ ಬೇಡವೋ ಎಂಬುದಕ್ಕೂ ಅರ್ಧ ಗಂಟೆ ಜಗಳ. ಆದರೆ ಈಗ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅಪ್ಪ ಕತ್ತರಿ, ಸೂಜಿಡಬ್ಬಿ, ಸ್ಟೂಲು ಎಲ್ಲ ದೂರ ಸರಿಸಿದ. ಅಜ್ಜ ಕೈಗಡಿಯಾರ ನೋಡುತ್ತಾ “ಶುರು” ಎಂದ. ಅಮ್ಮ ಕಾಜಾನನ್ನು ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ದಿಂಬು ಇಟ್ಟು, ಕಾಲರಿನ ಗುಂಡಿ ಸಡಿಲಿಸಿದಳು.

“ಗಟ್ಟಿಯಾಗಿ ಹಿಡ್ಕೊಂಡು ಅದುಮಬಾರ್ದು. ಅದು ತಾನಾಗೇ ನಿಲ್ಲುತ್ತೆ,” ಎಂದಳು ಅಮ್ಮ. “ಐದು ನಿಮಿಷ ಆದ್ರೂ ನಿಲ್ಲಲಿಲ್ಲ ಅಂದ್ರೆ ಮೂಗಿಗೆ ಈ ಸ್ಪ್ರೇ ಹೊಡೆದು ಆಂಬುಲೆನ್ಸ್‌ಗೆ ಫೋನ್ ಮಾಡಿ. ಆಮೇಲೆ ನಮಗೆ.”

ಅಷ್ಟು ಹೇಳಿ ಅಮ್ಮ ಕಾಜಾನ ಕಡೆ ತಿರುಗಿದಳು. ಅವಳ ದನಿಯೇ ಬದಲಾಯಿತು.

“ಏನು ಹುಡುಗೀನೋ ಏನೋ! ಒಂದು ಕಾಲುಚೀಲ ಮಂಚದ ಕೆಳಗೆ, ಇನ್ನೊಂದು ಪುಸ್ತಕದ ಕಪಾಟಲ್ಲಿ! ಕಾಲುಚೀಲ ಏನು ಪರೀಕ್ಷೆಗೆ ಓದ್ಕೊಳ್ತಿದ್ಯಾ? ನಾನು ಇರೋದೇ ನಿನ್ನ ಕಾಲುಚೀಲ ಹುಡುಕಕ್ಕಾ?”

ಗುಂಡಿ ಮೇಜಿನಿಂದ ಕೆಳಗೆ ಜಿಗಿದಳು. “ನೋಡಿ ಆಂಟಿ, ನೋಡಿ! ಪ್ರತೀಸಲ ಹಿಂಗೇ! ನಂಗೆ ಎಚ್ಚರ ಆಗೋ ಹೊತ್ತಿಗೆ ಅಮ್ಮ ಬೈತಾ ಇರ್ತಾಳೆ. ಫಿಟ್ಸ್ ಬಂದೋರಿಗೂ ಬೈಗುಳ! ಬೇರೆಯವರ ಮನೇಲಿ ಹಿಂಗೆ ಮಾಡ್ತಾರಾ?”

ಏಣಿಯ ಅಮ್ಮ ಲೈಬ್ರರಿಯಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ ಮನೆಯಲ್ಲೂ ಅವರಿಗೆ ಪಿಸುಮಾತೇ ಅಭ್ಯಾಸವಾಗಿತ್ತು. ಇರುವೆ ಕಚ್ಚಿದರೂ ಇರುವೆಗೆ “ಸಾರಿ” ಹೇಳುವಂಥವರು. ಅವರು ಗಾಬರಿಯಿಂದ ಕೇಳಿದರು. “ಬೈಯೋದೂ… ಮಾಡ್ಲೇಬೇಕಾ?”

ಅಮ್ಮನ ಮುಖ ಕೆಂಪಾಯಿತು. “ಇಲ್ಲ, ಇಲ್ಲ! ಗುರುತಿರೋ ದನೀಲಿ ಏನಾದ್ರೂ ಮಾತಾಡ್ತಾ ಇರಿ ಅಂತ ಡಾಕ್ಟರಮ್ಮ ಹೇಳಿದ್ದು, ಅಷ್ಟೇ. ನನ್ನ ಬಾಯಿಗೆ ಆಗ ಬೇರೇನೂ ಬರಲ್ಲ. ನೀವು ಬೈಬೇಡಿ.”

ಸದ್ಯ, ಎಂದುಕೊಂಡಳು ಗುಂಡಿ. ಆಂಟಿಯ ಮನೆಯಲ್ಲಾದರೂ ಎಚ್ಚರವಾದಾಗ ಸಿಹಿಮಾತು ಕೇಳಬಹುದು.

ಮೂರನೇ ಸುತ್ತಿಗೆ ಎಲ್ಲರೂ ಪಾಸಾದರು. ಅಷ್ಟರಲ್ಲಿ ಕಾಜಾ ನಿಜವಾಗಿಯೂ ನಿದ್ದೆ ಹೋಗಿದ್ದ.

ಶನಿವಾರ ಗುಂಡಿ ಬ್ಯಾಗು ಹೊತ್ತು ಏಣಿಯ ಮನೆಗೆ ಹೋದಾಗ, ಆ ಮನೆಯಲ್ಲಿ ಒಂದೇ ಒಂದು ಚಮಚವೂ ಕಾಣಲಿಲ್ಲ. ಡ್ರೈವರ್ ಅಂಕಲ್ ಎಲ್ಲವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

“ಕಣ್ಣಿಗೆ ಕಂಡ್ರೆ ತಾನೇ ಕೈ ಹೋಗೋದು?” ಎಂದರು. ಆ ರಾತ್ರಿ ಎಲ್ಲರೂ ಹಾಲಿಗೆ ಹಾಕಿದ ಸಕ್ಕರೆಯನ್ನು ಪೆನ್ಸಿಲಿನಲ್ಲಿ ಕಲಕಿದರು.

ಮಾತ್ರೆಯ ಹೊತ್ತಿಗೆ ಅಂಕಲ್ ಬಸ್ಸಿನ ಹಾರ್ನಿನಂತೆ “ಪೋಂ ಪೋಂ” ಎಂದು ಕೂಗಿ ನೀರಿನ ಲೋಟ ತಂದರು. ನಿದ್ದೆ ಕೆಟ್ಟರೆ ಫಿಟ್ಸ್ ಬರಬಹುದೆಂದು ಆಂಟಿ ಬೇಗ ದೀಪ ಆರಿಸಿದರು. ಆದರೆ ಹೊದಿಕೆಯೊಳಗೆ ಎರಡು ತಲೆ ಸೇರಿದರೆ ನಿದ್ದೆ ಎಲ್ಲಿ ಬರುತ್ತದೆ? ಗಣಿತದ ಮೇಷ್ಟ್ರು ಸೀನುವ ರೀತಿಯಿಂದ ಹಿಡಿದು ಕಾಜಾನ ಸಾಯುವ ಆಕ್ಟಿಂಗಿನ ತನಕ ಎಲ್ಲ ಮಾತಾಡಿ, ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಬೆಳಿಗ್ಗೆ ಗುಂಡಿ ನೆಲದ ಮೇಲೆ ಕೂತು ಒಂದು ಕಾಲುಚೀಲ ಹಾಕಿಕೊಂಡಳು. ಇನ್ನೊಂದು ಎಲ್ಲಿ ಎಂದು ಸುತ್ತ ನೋಡಿದಳು.

ಆಮೇಲಿನದು ಅವಳಿಗೆ ಗೊತ್ತಿಲ್ಲ.

ಮೊದಲು ಒಂದು ದನಿ ಕೇಳಿಸಿತು. ಬಾವಿಯ ಆಳದಿಂದ ಬಂದ ಹಾಗೆ. “ಚಿನ್ನಾ… ಬಂಗಾರಾ… ನನ್ನ ಕಂದಾ… ಏನೂ ಆಗಿಲ್ಲಮ್ಮ…”

ಗುಂಡಿ ಕಣ್ಣು ಬಿಟ್ಟಳು. ಮೇಲೆ ಗುರುತಿಲ್ಲದ ಸೂರು. ತಲೆ ಕಲ್ಲಿನಷ್ಟು ಭಾರ. “ಚಿನ್ನಾ, ಬಂಗಾರಾ” ಎಂದು ಆ ದನಿ ಮತ್ತೆ ಹೇಳಿತು.

ಏನೋ ಆಗಿದೆ, ದೊಡ್ಡದೇ ಏನೋ ಆಗಿದೆ. ಅಜ್ಜಿ ತೀರಿಹೋದ ದಿನವೂ ಎಲ್ಲರೂ ಅವಳನ್ನು ಹೀಗೆಯೇ ಮಾತಾಡಿಸಿದ್ದರು. ಅವಳ ಕಣ್ಣಿನಿಂದ ನೀರು ಇಳಿಯಿತು. ಏಳಬೇಕು, ಓಡಬೇಕು ಅನ್ನಿಸಿತು, ಆದರೆ ಕಾಲು ಮಾತು ಕೇಳಲಿಲ್ಲ.

“ಅಮ್ಮಾ, ಅವಳು ಹೆದರ್ಕೊಂಡಿದ್ದಾಳೆ!” ಏಣಿಯ ದನಿ. “ಹಂಗಲ್ಲ! ಬೈಯಿ!”

“ಬೈ… ಬೈಯಲಾ?” ಎಂದರು ಲೈಬ್ರರಿ ಆಂಟಿ.

“ಹೂಂ, ಕಾಲುಚೀಲಕ್ಕೆ ಬೈಯಿ! ಬೇಗ!”

ಆಂಟಿ ಗುಂಡಿಯ ಬರಿಗಾಲು ನೋಡಿದರು. “ಏನಮ್ಮಾ… ಒಂದೇ ಕಾಲುಚೀಲ ಇದೆಯಲ್ಲ… ಇನ್ನೊಂದನ್ನ… ದಯವಿಟ್ಟು… ಎಲ್ಲಿ ಇಟ್ಟಿದ್ದೀಯ? ಬೇಗ ವಾಪಸ್ ತಂದಿಡದೇ ಇದ್ರೆ… ಫೈನ್ ಹಾಕ್ತೀನಿ!”

“ಜೋರಾಗಿ ಬೈಯೇ, ಜೋರಾಗಿ!” ಎಂದರು ಡ್ರೈವರ್ ಅಂಕಲ್.

“ನೀವು ಸುಮ್ನಿರಿ!” ಆಂಟಿ ಗುಡುಗಿದರು. “ನಿಮಗೆ ಕೊಟ್ಟಿರೋದು ಗಡಿಯಾರ! ಅದನ್ನ ನೋಡಿ!”

ಆಂಟಿ ತಾವೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡರು. ಅವರ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆ ಎಂದು ಆ ತನಕ ಯಾರಿಗೂ ಗೊತ್ತಿರಲಿಲ್ಲ.

“ನೋಡ್ದೆ ಕಣೇ,” ಎಂದರು ಅಂಕಲ್ ಸಣ್ಣ ದನಿಯಲ್ಲಿ. “ಎರಡು ನಿಮಿಷಕ್ಕೇ ನಿಂತೋಯ್ತು. ಅವರ ಮನೆಗೂ ಫೋನ್ ಮಾಡ್ದೆ. ಚಮಚ ಮುಟ್ಟಿಲ್ಲ.”

ಗುಂಡಿಯ ಉಸಿರು ನಿಧಾನವಾಯಿತು. ಕಾಲುಚೀಲಕ್ಕೆ ಬೈಯುತ್ತಿದ್ದಾರೆ ಎಂದರೆ ಯಾರಿಗೂ ಏನೂ ಆಗಿಲ್ಲ. ಎಲ್ಲ ಎಂದಿನಂತೆಯೇ ಇದೆ. ಇದು ಏಣಿಯ ಮನೆ, ಇವತ್ತು ಭಾನುವಾರ. ಅವಳ ತಲೆಯ ಕೆಳಗೆ ಏಣಿ ಮಡಚಿಟ್ಟ ಸ್ವೆಟರ್ ಇತ್ತು.

ಸ್ವಲ್ಪ ಹೊತ್ತಿಗೆ ಅವಳ ಮನೆಯವರೆಲ್ಲ ನುಗ್ಗಿಬಂದರು. ಅಪ್ಪನ ಕುತ್ತಿಗೆಯಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಕಾಜಾ ಮನೆಯಿಂದ ಇಷ್ಟು ದೂರ ದಿಂಬು ಹೊತ್ತು ತಂದಿದ್ದ. ಎರಡು ಕಾಲಿಗೆ ಎರಡು ಥರದ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ ಅಮ್ಮ ಗುಂಡಿಯ ಪಕ್ಕದಲ್ಲಿ ಕುಸಿದು ಕೂತಳು.

ಗುಂಡಿಯ ಕೂದಲು ಸರಿಮಾಡುತ್ತಿದ್ದ ಅಮ್ಮನ ಕೈ ಗಡಗಡ ನಡುಗುತ್ತಿತ್ತು. ಗುಂಡಿ ಅದನ್ನೇ ನೋಡಿದಳು. ಈ ಕೈ ಪ್ರತಿ ಸಲವೂ ಹೀಗೇ ನಡುಗುತ್ತಿತ್ತೇನೋ. ತನಗೆ ಕೇಳಿಸುತ್ತಿದ್ದದ್ದು ಮಾತ್ರ ಕಾಲುಚೀಲದ ಬೈಗುಳ.

“ಚಿನ್ನಾ…” ಎನ್ನಲು ಹೊರಟಳು ಅಮ್ಮ.

ಗುಂಡಿ ತನ್ನ ಬರಿಗಾಲನ್ನು ಮೆಲ್ಲಗೆ ಅಮ್ಮನ ಮುಂದೆ ಚಾಚಿದಳು. ನಾಲಿಗೆ ಇನ್ನೂ ತೊದಲುತ್ತಿತ್ತು. “ಅಮ್ಮಾ, ಇನ್ನೊಂದು ಕಾಲುಚೀಲ ಸಿಗ್ಲಿಲ್ಲ.”

ಅಮ್ಮ ಆ ಕಾಲನ್ನು ನೋಡಿದಳು. ಗುಂಡಿಯ ಮುಖ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

“ಹೇಗೆ ಸಿಗುತ್ತೆ?” ಎಂದಳು. “ಇಡೋ ಕಡೆ ಇಟ್ರೆ ತಾನೇ ಸಿಗೋದು? ನಮ್ಮನೇಲಿ ಕಳೆದಿದ್ದು ಸಾಲದು ಅಂತ ಈಗ ಬೇರೆಯವರ ಮನೇಲೂ ಶುರು ಮಾಡಿದ್ಯಾ? ಕಾಲು ಇರೋದು ಎರಡೇ, ಅದಕ್ಕೆ ಕಾಲುಚೀಲ ನೋಡಿಕೊಳ್ಳಕ್ಕೆ ಆಗಲ್ಲ ಅಂದ್ರೆ, ನೀನೇನಾದ್ರೂ ನೂರು ಕಾಲಿನ ಜರಿಹುಳ ಆಗಿ ಹುಟ್ಟಿದ್ರೆ ನನ್ನ ಗತಿ ಏನು…”

ಗುಂಡಿ ಅಮ್ಮನ ಮಡಿಲಿನಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿದಳು. ಬೈಗುಳ ಇನ್ನೂ ಅರ್ಧವೂ ಆಗಿರಲಿಲ್ಲ, ಅವಳಿಗೆ ಸೊಗಸಾದ ನಿದ್ದೆ ಬಂತು.