ಪರವಾನಗಿ ಚೀಲದ ಗಂಟು

ನಿಶತ್ ಚೀಲ ಬಿಚ್ಚಿದಳು. ಒಳಗಿರಬೇಕಾದದ್ದು ನಾಲ್ಕು ವೈದ್ಯಕೀಯ ಪ್ರಮಾಣಪತ್ರಗಳ ಫೈಲು. ಇದ್ದದ್ದು ಮಡಿಚಿಟ್ಟ ಹಳೇ ಪೇಪರು.

"ಅಬ್ಬಾ, ಯಾರೋ ಫೈಲ್ ಹೊಡ್ದವ್ರೆ!"

ಹೊಲಿಗೆ ಮಿಷನ್ ಮುಂದೆ ಕೂತಿದ್ದ ಅವಳ ಅಪ್ಪ ಪೀರ್ ಸಾಬ್ ಕನ್ನಡಕವನ್ನು ಹಣೆಗೇರಿಸಿದರು. ಹುಣಸೂರಿನ ಆ ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಒಂದು ಸೂಜಿಯೂ ಕಳುವಾಗಿರಲಿಲ್ಲ. ಈಗ ನೋಡಿದರೆ ಡಾಕ್ಟರ ಚೀಟಿ ಕದಿಯುವ ಕಳ್ಳ ಹುಟ್ಟಿಕೊಂಡಿದ್ದ.

ಚೀಟಿಯೆಂದು ಹಗುರ ಮಾಡುವಂತಿರಲಿಲ್ಲ. ನಿಶತ್ ಸೇರಿ ನಾಲ್ವರ ತಂಡ ಹೊರಟಿದ್ದು ಹಿಮಾಲಯದಲ್ಲಿ ಹದಿಮೂರು ಸಾವಿರ ಅಡಿ ಮೇಲಿನ ಒಂದು ಸರೋವರಕ್ಕೆ. ಸಂರಕ್ಷಿತ ಪ್ರದೇಶ, ದಿನಕ್ಕೆ ಇಷ್ಟೇ ಜನ ಎಂಬ ಲೆಕ್ಕ. ಪ್ರಮಾಣಪತ್ರಗಳನ್ನು ಇವತ್ತು ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಕಳಿಸಬೇಕು. ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷವೆಂದರೆ ಗಾವಡಗೆರೆಯ ಸುನಂದಮ್ಮನಿಗೆ ಎಂದೆಂದಿಗೂ ಇಲ್ಲ. ಅಲ್ಲಿ ಅರವತ್ತು ತುಂಬಿದವರನ್ನು ಬಿಡುವುದಿಲ್ಲ. ಅವರಿಗೆ ಬರುವ ದೀಪಾವಳಿಗೆ ಅರವತ್ತು. ಆ ನೀರನ್ನು ಒಮ್ಮೆ ನೋಡಬೇಕೆಂದು ಆರು ತಿಂಗಳಿಂದ ಭಾನುವಾರ ಭಾನುವಾರ ಬೆಟ್ಟದಪುರದ ಬೆಟ್ಟ ಹತ್ತಿಳಿದಿದ್ದರು.

ಗಂಟೆ ಹನ್ನೊಂದು. ಸಹಿ ಹಾಕಿದ ಡಾಕ್ಟರು ವಾರದ ಮಟ್ಟಿಗೆ ಊರಲ್ಲಿಲ್ಲ. ನಿಶತ್ ತಲೆಯ ಮೇಲೆ ಕೈಹೊತ್ತು ಕೂರುವ ಪೈಕಿಯಲ್ಲ. ಚೀಲದ ದಾರವನ್ನು ಕೈಗೆತ್ತಿಕೊಂಡಳು. ನಿನ್ನೆ ಫೈಲನ್ನು ಬಿಚ್ಚಿಯೂ ನೋಡದೆ ಒಳಗಿಟ್ಟು ತಾನು ಹಾಕಿದ್ದು ಎರಡು ಸುತ್ತಿನ ಗಟ್ಟಿ ಗಂಟು. ಇವತ್ತು ತುದಿ ಎಳೆದೊಡನೆ ದಾರ ಸರಸರನೆ ಬಿಚ್ಚಿಕೊಂಡಿತ್ತು. ಅದರ ಮೇಲೆ ಒಂದು ಎಡಕ್ಕೆ, ಒಂದು ಬಲಕ್ಕೆ ಸುತ್ತಿದ ಸುಕ್ಕು ಇನ್ನೂ ಉಳಿದಿತ್ತು.

"ಅಬ್ಬಾ, ಇದು ಹೊಗೆಸೊಪ್ಪು ಕಡ್ಡಿಗೆ ಕಟ್ಟೋ ಗಂಟಲ್ವಾ?"

"ಹೌದಮ್ಮ. ಈ ಸೀಮೇಲಿ ಅರ್ಧ ಜನ ಕಳ್ರು ಅಂದಂಗಾಯ್ತು!"

* * *

ಬೆಳಿಗ್ಗೆ ಅಂಗಡಿಗೆ ಬಂದವರು ಮೂವರೇ. ಹರಿದ ಟಾರ್ಪಾಲು ಹೊಲಿಸಲು ಸುನಂದಮ್ಮನ ಗಂಡ ಬಸವರಾಜು. ಹೊಸ ಬ್ಯಾಗ್ ಬೆನ್ನಿಗೆ ಹಾಕಿ ನೋಡಲು, ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿದ್ದ ತಂಡದ ನಾಯಕ ನಟರಾಜು. ಟೀ ಕುಡಿಯುವ ನೆಪದಲ್ಲಿ ಸುನಂದಮ್ಮ.

ನಿಶತ್ ಮೊದಲು ಹಿಡಿದದ್ದು ಬಸವರಾಜುವನ್ನು. ಈ ಪ್ರವಾಸಕ್ಕೆ ಅಡ್ಡಬಾಯಿ ಹಾಕುತ್ತಿದ್ದವರು ಅವರೊಬ್ಬರೇ.

"ಕೆರೆ ನೋಡಕ್ಕೆ ಹಿಮಾಲಯ ಯಾಕವ್ವ? ನಮ್ಮೂರ ಕೆರೇಲಿ ನೀರಿಲ್ವಾ?" ಎಂದರು ಅವರು ಈಗಲೂ.

ನಿಶತ್ ದಾರ, ಕೋಲು, ನಾಲ್ಕು ವೀಳ್ಯದೆಲೆ ಮುಂದಿಟ್ಟಳು. "ಸೊಪ್ಪು ಕಟ್ಟೋ ಅಂಗೆ ಇದನ್ನ ಕಟ್ಟಿ ನೋಡೋಣ."

ಬಸವರಾಜು ಬೆವತರು. ಎಲೆ ಒಂದು ಕಡೆ, ದಾರ ಒಂದು ಕಡೆ. "ಸೊಪ್ಪು ಕಟ್ಟೋದು ಹೆಂಗಸ್ರು ಕಣವ್ವ. ನಾವು ಗಂಡಸ್ರು ಸೊಪ್ಪು ಒಣಗ್ಸೋ ಬ್ಯಾರನ್ ಒಳಗೆ ಹತ್ತಿ ಕಡ್ಡಿ ಜೋಡಿಸೋರು. ನಲವತ್ತು ವರ್ಷ್ದಿಂದ ಒಂದ್ ಗಂಟೂ ಹಾಕಿಲ್ಲ!"

ಇನ್ನು ನಟರಾಜು. ಮಾತಿನಲ್ಲಿ ಹಿಮಾಲಯ ಹತ್ತುವ ಆಸಾಮಿ, ಬೆಟ್ಟದಪುರದ ಮೆಟ್ಟಿಲಿನಲ್ಲಿ ಏದುಸಿರು ಬಿಡುತ್ತಿದ್ದ. ಹೆದರಿ ಕದ್ದನೇ?

"ನಾನ್ಯಾಕೆ ಕದೀಲಿ? ಕಾಗ್ದ ಕಳ್ಸೋನೇ ನಾನು. ಬೇಡ ಅನ್ಸಿದ್ರೆ ಕರೆಂಟಿಲ್ಲ ಅಂದ್ರೆ ಮುಗೀತಿತ್ತು."

ಮಾತಿನಲ್ಲಿ ನ್ಯಾಯವಿತ್ತು. ನಿಶತ್ ಅವನನ್ನು ಬಿಟ್ಟಳು.

* * *

ಮೂರು ಗಂಟೆಗೆ ಎಲ್ಲರೂ ಅಂಗಡಿಯಲ್ಲಿ ಸೇರಿದರು. ತಂಡದ ನಾಲ್ಕನೆಯವಳು ಸಣ್ಣತಾಯಮ್ಮ ಆಗಷ್ಟೇ ಬೆಟ್ಟದಪುರದ ಬಸ್ಸಿಳಿದು ಬಂದಿದ್ದಳು. ಅವಳೂ ಸುನಂದಮ್ಮನೂ ಲಂಗದ ದಿನದ ಗೆಳತಿಯರು. ಕಳುವಿನ ಸುದ್ದಿ ಕೇಳಿದ್ದೇ ಸಣ್ಣತಾಯಮ್ಮ ಎದೆ ಬಡಿದುಕೊಂಡಳು. "ಅಯ್ಯೋ, ಸುನಂದಿ ಆಸೆ ಮಣ್ಣುಪಾಲಾಯ್ತಲ್ಲಾ! ಕದ್ದೋರ ಕೈ ಸೇದೋಗ!"

ಸುನಂದಮ್ಮ ಮಾತ್ರ ತಣ್ಣಗಿದ್ದರು. "ಹೋದ್ರೆ ಹೋಗ್ಲಿ ಬುಡು."

ನಿಶತ್ ಅವರನ್ನೇ ದಿಟ್ಟಿಸಿದಳು. ಹೇಳಲು ಅವಳಿಗೂ ಸಂಕಟ.

"ಅಮ್ಮ, ಇದು ಹೆಂಗಸ್ರು ಹಾಕೋ ಗಂಟು. ಬೆಳಿಗ್ಗೆ ಇಲ್ಲಿಗೆ ಬಂದಿದ್ದ ಹೆಂಗಸು ನೀವೊಬ್ರೇ. ನಿಮ್ಗೆ ಗೊತ್ತಿಲ್ದೇನೇ ಬೆರಳು ಅಭ್ಯಾಸದ ಕೆಲಸ ಮಾಡ್ಬುಟ್ಟವೆ. ಎಲ್ರಿಗಿಂತ ಹೆಚ್ಚು ಕಳ್ಕೊಂಡಿರೋರು ನೀವು, ಆದ್ರೆ ಹುಡುಕಿ ಅಂತ ಒಂದ್ ಸಲಾನೂ ಅನ್ನಲಿಲ್ಲ. ನಿನ್ನೆ ಡಾಕ್ಟ್ರ ಹತ್ರ ನಾಲ್ಕೂ ಕಾಗ್ದ ಈಸ್ಕೊಂಡು ಬಂದೋರೂ ನೀವೇ. ಬಸ್ಸಲ್ಲಿ ಓದಿದ್ರಿ, ಅಲ್ವಾ?"

ಬಸವರಾಜು ಬಾಯಿ ಬಿಟ್ಟುಕೊಂಡು ಹೆಂಡತಿಯನ್ನು ನೋಡಿದರು. ಸುನಂದಮ್ಮನ ಕಣ್ಣು ತುಂಬಿತು. ಹೆಗಲ ಚೀಲದಿಂದ ಫೈಲು ತೆಗೆದು ಮಿಷನ್ ಮೇಲಿಟ್ಟರು.

"ಒಂದ್ರಲ್ಲಿ ಹಿಮಾಲಯ ಹತ್ತಕ್ಕಾಗಕ್ಕಿಲ್ಲ ಅಂತ ಬರ್ದವ್ರೆ. ಅವ್ಳಿಗೆ ಗೊತ್ತಾದ್ರೆ ಎದೆ ಒಡ್ಕೊತಾಳೆ. ಒಂದ್ ಹಾಳೆ ಕಿತ್ರೆ ಯಾರ್ದು ಅಂತ ತಿಳೀತದೆ. ಅದ್ಕೆ ರಾತ್ರಿಯೆಲ್ಲಾ ಯೋಚ್ಸಿ ಪೂರ್ತಿ ತಗಂಡೆ. ಅವ್ಳನ್ನ ಬುಟ್ಟು ನಾನೊಬ್ಳೇ ಎಂಗೋಗ್ಲಿ?"

'ಅವಳು' ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಎಲ್ಲರ ಕಣ್ಣೂ ಸಣ್ಣತಾಯಮ್ಮನ ಕಡೆ ತಿರುಗಿತು. ಅಳುತ್ತಾಳೆಂದುಕೊಂಡರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಥೂ ನಿನ್ನ! ಪರೀಕ್ಷೆ ಮಾಡ್ದಾಗ್ಲೇ ಡಾಕ್ಟ್ರು ನಂಗೇಳಿದ್ರು ಕಣಮ್ಮಿ. ಬೆಟ್ಟದಪುರ ಹತ್ತು, ಹಿಮಾಲಯ ಬೇಡ ಅಂತ. ನಾನು ಬರಕ್ಕಿಲ್ಲ ಅಂದ್ರೆ ನೀನೂ ನಿಂತ್ಕೊತೀಯ ಅಂತ ಬಾಯಿ ಮುಚ್ಕೊಂಡಿದ್ದೆ. ರೈಲು ಹತ್ತೋ ದಿನ ಹೇಳಾನ ಅಂತಿದ್ದೆ, ಕಾಗ್ದದಲ್ಲೂ ಬರ್ದವ್ರೆ ಅಂತ ನಂಗೇನ್ ಗೊತ್ತು!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೆಳತಿಯ ಮನಸ್ಸು ಉಳಿಸಲು ಒಬ್ಬಳು ಕಳ್ಳಿಯಾಗಿದ್ದಳು, ಗೆಳತಿಯನ್ನು ಕಳಿಸಲು ಇನ್ನೊಬ್ಬಳು ಸುಳ್ಳುಗಾತಿಯಾಗಿದ್ದಳು. ನಿಶತ್ ಗಡಿಯಾರ ನೋಡಿದಳು. ಅಳುತ್ತ ಕೂರುವಷ್ಟು ಹೊತ್ತಿರಲಿಲ್ಲ.

"ನಟರಾಜಣ್ಣ, ಓಡು! ಮೂರು ಹೆಸರು!"

ನಾಲ್ಕೂಮುಕ್ಕಾಲಿಗೆ ಅರ್ಜಿ ಹೋಯಿತು. ಐದು ನಿಮಿಷದಲ್ಲಿ ನಟರಾಜುವಿನ ಫೋನಿಗೆ ಪರವಾನಗಿ ಸಂಖ್ಯೆ ಬಂತು. ಪೀರ್ ಸಾಬ್ ಟೀ ತರಿಸಿದರು. ಬಸವರಾಜು ಮೆಲ್ಲಗೆ ಕೇಳಿದರು, "ಒಂದು ಜಾಗ ಖಾಲಿ ಐತಲ್ಲ, ನಾನು...?"

"ನಿಮ್ಗೆ ಅರವತ್ನಾಕು, ಸುಮ್ಕಿರಿ," ಎಂದರು ಸುನಂದಮ್ಮ. ನಗುತ್ತಲೇ ಮತ್ತೆ ಕಣ್ಣೊರೆಸಿಕೊಂಡರು.

ಸಣ್ಣತಾಯಮ್ಮ ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಈಗ್ಲೇ ಎಲ್ಲಾ ಅತ್ಬುಡು. ಅಲ್ಲೋಗಿ ಅಳ್ಬೇಡ. ಇಬ್ರ ಪಾಲಿಂದೂ ನೀನೊಬ್ಳೇ ನೋಡ್ಬೇಕು."